ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಬೋರ್ಡ್‌ಗೆ ಹೇಗೆ ಗೊತ್ತಾಗುತ್ತದೆ?

ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರೂವರೆ ಹೊತ್ತಿಗೆ ಒಂದು ಸದ್ದು ಕೇಳುತ್ತದೆ. ಯಾರದೋ ಮನೆಯ ಟ್ಯಾಂಕ್ ತುಂಬಿ, ಓವರ್‌ಫ್ಲೋ ಪೈಪಿನಿಂದ ನೀರು ಧೋ ಎಂದು ಮೋರಿಗೆ ಬೀಳುವ ಸದ್ದು. ಹಿಂದೆಯೇ ಎದುರು ಮನೆಯಿಂದ ಒಂದು ಕೂಗು: "ಮೋಟರ್ ಆಫ್ ಮಾಡ್ರೀ!" ಎಷ್ಟೋ ಸಲ ಆ 'ಯಾರದೋ ಮನೆ' ನಮ್ಮದೇ ಆಗಿರುತ್ತಿತ್ತು. ಸಂಪಿನಿಂದ ಮೇಲಕ್ಕೆ ನೀರು ಏರಿಸಲು ಸ್ವಿಚ್ ಹಾಕಿ, ಕಾಫಿ ಕುಡಿಯುತ್ತಾ ಮರೆತುಬಿಡುವುದು ನನ್ನ ಹಳೇ ಚಾಳಿ.

ಅದಕ್ಕೇ ಒಂದು ಬೋರ್ಡ್, ಒಂದು ಸೆನ್ಸರ್ ತಂದು ನಾನೇ ಏನಾದರೂ ಮಾಡೋಣ ಅಂತ ಕೂತೆ. ಎರಡು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಪ್ರೋಗ್ರಾಂ ಬರೆಯುವುದು ಒಂದೇ ಸಂಜೆಯಲ್ಲಿ ಮುಗಿಯಿತು. ಉಳಿದದ್ದಕ್ಕೆ ಮೂರು ತಿಂಗಳು ಹಿಡಿಯಿತು. ಯಾಕೆ ಅಷ್ಟು ಹೊತ್ತು ಎನ್ನುವುದಕ್ಕೆ ಉತ್ತರ ಒಂದೇ ಸಾಲಿನದು: ಯಾವ ಸೆನ್ಸರೂ ನಮಗೆ ಬೇಕಾದ್ದನ್ನು ಅಳೆಯುವುದಿಲ್ಲ. ಅದು ಇನ್ನೇನನ್ನೋ ಅಳೆಯುತ್ತದೆ. ಅಲ್ಲಿಂದ ನಮಗೆ ಬೇಕಾದ ಕಡೆಗೆ ದಾರಿ ನಾವೇ ಕಡಿದುಕೊಳ್ಳಬೇಕು.

ಮೊದಲು ಬೋರ್ಡ್ ಬಗ್ಗೆ ಸ್ವಲ್ಪ. ಅದರ ಮೇಲಿರುವ ಮುಖ್ಯ ಚಿಪ್ಪೇ ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನಲ್ಲಿ ಅಡಗಿರುವ ಪುಟ್ಟ ಕಂಪ್ಯೂಟರ್. ಲೆಕ್ಕ ಮಾಡುವ ಭಾಗ, ಒಂದಷ್ಟು ಮೆಮೊರಿ, ಹೊರಗಿನ ವೈರ್‌ಗಳನ್ನು ಸಿಕ್ಕಿಸಲು ಪಿನ್‌ಗಳು ಎಲ್ಲವೂ ಅದರಲ್ಲೇ ಇರುತ್ತವೆ. ನಿಮ್ಮ ವಾಷಿಂಗ್ ಮಷೀನಿನಲ್ಲೂ ಇಂಥದ್ದೊಂದು ಇದೆ. ಫೋನಿನ ಹಾಗೆ ಅದರಲ್ಲಿ ನೂರೆಂಟು ಆ್ಯಪ್ ಇರುವುದಿಲ್ಲ. ಒಂದೇ ಪ್ರೋಗ್ರಾಂ. ಕರೆಂಟ್ ಕೊಟ್ಟ ಗಳಿಗೆಯಿಂದ ತೆಗೆಯುವವರೆಗೆ ಗಾಣದೆತ್ತಿನ ಹಾಗೆ ಅದನ್ನೇ ಸುತ್ತುತ್ತಿರುತ್ತದೆ.

ಇಂಥ ಚಿಪ್‌ಗಳು ಹೊಸವೇನಲ್ಲ. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ಗಳಲ್ಲಿ ಎಷ್ಟೋ ಜನ ಗೋಳಾಡಿದ 8051 ಚಿಪ್ ಬಂದದ್ದು 1980ರಲ್ಲಿ. ಆದರೆ ಅದನ್ನು ಬಳಸಲು ಎಲೆಕ್ಟ್ರಾನಿಕ್ಸ್ ಓದಿರಬೇಕಿತ್ತು. ನಮ್ಮಂಥ ಹವ್ಯಾಸಿಗಳಿಗೆ ಬಾಗಿಲು ತೆರೆದದ್ದು ಆರ್ಡುಯಿನೊ ಎಂಬ ಬೋರ್ಡ್. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯೊಂದರಲ್ಲಿ ಅದು ಹುಟ್ಟಿತು. ಮಾಸಿಮೊ ಬಾಂಝಿ ಮತ್ತು ಅವರ ಜೊತೆಗಾರರು ಅದನ್ನು ಮಾಡಿದ್ದು, ಸರ್ಕ್ಯೂಟ್ ಗೊತ್ತಿಲ್ಲದ ವಿದ್ಯಾರ್ಥಿಗಳಿಗೂ ಕೈಗೆಟುಕಲಿ ಅಂತ. ಅದೇ ಶಾಲೆಯ ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೊ ಬರಗಾನ್ 2003ರಲ್ಲಿ ಶುರು ಮಾಡಿದ್ದ 'ವೈರಿಂಗ್' ಎಂಬ ಕೆಲಸ ಅದರ ತಳಪಾಯ. ಹೆಸರು ಬಂದದ್ದು ಆ ಊರಿನ ಒಂದು ಬಾರ್‌ನಿಂದ. ಬಾರ್‌ಗೆ ಆ ಹೆಸರು ಬಂದದ್ದು ಸಾವಿರ ವರ್ಷ ಹಿಂದಿನ ಒಬ್ಬ ರಾಜನಿಂದ. ರಾಜನಿಗೆ ತನ್ನ ಹೆಸರು ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಷ್ಟು ಕೇಳಿಬರುತ್ತದೆ ಎಂದು ಗೊತ್ತಿದ್ದರೆ ಏನನ್ನುತ್ತಿದ್ದನೋ!

ಆರ್ಡುಯಿನೊ ಊನೊ ಆರ್3 ಬೋರ್ಡ್‌ನ ಚಿಪ್‌ಗೆ ಇರುವ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಈ ಲೇಖನದ ಎರಡು ಪ್ಯಾರಾ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಆದರೆ ಅದರ ಗಡಿಯಾರ ಸೆಕೆಂಡಿಗೆ 1.6 ಕೋಟಿ ಬಾರಿ ಮಿಡಿಯುತ್ತದೆ. ಟ್ಯಾಂಕ್ ಕೆಲಸಕ್ಕೆ ಬೇಕಾಗಿರುವುದು ಈ ಎರಡನೆಯ ಗುಣವೇ. ಯಾಕೆ ಅಂತ ಈಗ ನೋಡೋಣ.

ಬಾವಿಗೆ ಕಲ್ಲು ಹಾಕಿದ ಹಾಗೆ

ಚಿಕ್ಕವರಿದ್ದಾಗ ಬಾವಿಗೆ ಕಲ್ಲು ಹಾಕಿ, 'ಬುಳುಂಕ್' ಅನ್ನುವವರೆಗೆ ಒಂದು, ಎರಡು ಅಂತ ಎಣಿಸುತ್ತಿದ್ದೆವು. ಜಾಸ್ತಿ ಹೊತ್ತಾದರೆ ನೀರು ಕೆಳಗಿದೆ ಎಂದರ್ಥ. ಟ್ಯಾಂಕಿಗೆ ಹಾಕುವ ಅಲ್ಟ್ರಾಸೋನಿಕ್ ಸೆನ್ಸರ್ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕಲ್ಲಿನ ಬದಲು ಅದು ಶಬ್ದವನ್ನು ಎಸೆಯುತ್ತದೆ.

ಹವ್ಯಾಸಿಗಳೆಲ್ಲ ಮೊದಲು ಕೊಳ್ಳುವುದು ಎಚ್‌ಸಿ-ಎಸ್‌ಆರ್04 ಎಂಬ ಸೆನ್ಸರ್. ಎರಡು ಬೆಳ್ಳಿ ಬಣ್ಣದ ಡಬ್ಬಿ, ಗೂಬೆಯ ಕಣ್ಣಿನ ಹಾಗೆ. ಒಂದು ಬಾಯಿ, ಇನ್ನೊಂದು ಕಿವಿ. ಅದಕ್ಕೆ ನಾಲ್ಕು ಪಿನ್: 5 ವೋಲ್ಟ್, ಗ್ರೌಂಡ್ (ಸೊನ್ನೆ ವೋಲ್ಟ್), ಟ್ರಿಗರ್, ಎಕೊ. ಬೋರ್ಡ್ ಟ್ರಿಗರ್ ಪಿನ್ನಿಗೆ 10 ಮೈಕ್ರೊಸೆಕೆಂಡ್ ಕಾಲ ವೋಲ್ಟೇಜ್ ಕೊಡುತ್ತದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಒಂದು ಚೂರು ಒಂದು ಮೈಕ್ರೊಸೆಕೆಂಡ್. ಆಗ ಬಾಯಿಯ ಕಡೆಯಿಂದ 40 ಕಿಲೋಹರ್ಟ್ಸ್ ಶಬ್ದದ ಎಂಟು ಮಿಡಿತ ಹೊರಡುತ್ತದೆ. ನಮ್ಮ ಕಿವಿಗೆ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ ಮಾತ್ರ, ಹಾಗಾಗಿ ನಮಗೆ ಏನೂ ಗೊತ್ತಾಗುವುದಿಲ್ಲ. ಶಬ್ದ ನೀರಿಗೆ ಬಡಿದು ವಾಪಸ್ ಬಂದು ಕಿವಿಗೆ ತಲುಪುವವರೆಗೆ ಎಕೊ ಪಿನ್ನಿನಲ್ಲಿ 5 ವೋಲ್ಟ್ ನಿಂತಿರುತ್ತದೆ. ತಲುಪಿದ ಕೂಡಲೇ ಇಳಿಯುತ್ತದೆ. ಅಷ್ಟೇ. ಆ ಪಿನ್ ಎಷ್ಟು ಹೊತ್ತು ಮೇಲಿತ್ತು ಅಂತ ಬೋರ್ಡ್ ಎಣಿಸುತ್ತದೆ.

ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್. ಒಂದು ಸೆಂಟಿಮೀಟರ್ ಹೋಗಿ ಬರಲು ಸುಮಾರು 58 ಮೈಕ್ರೊಸೆಕೆಂಡ್ ಬೇಕು. ಎಣಿಸಿದ ಸಂಖ್ಯೆಯನ್ನು 58ರಿಂದ ಭಾಗಿಸಿದರೆ ದೂರ ಸಿಕ್ಕಿತು. ಒಂದು ಮೀಟರ್ ದೂರವಾದರೆ ಸುಮಾರು 5,800 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಊನೊದ ಗಡಿಯಾರ 90 ಸಾವಿರಕ್ಕೂ ಜಾಸ್ತಿ ಬಾರಿ ಮಿಡಿದಿರುತ್ತದೆ. ಅದಕ್ಕೇ ಮೆಮೊರಿ ಕಡಿಮೆ ಇದ್ದರೂ ನಡೆಯುತ್ತದೆ ಅಂದದ್ದು.

ಈಗ ಗಮನಿಸಿ. ಈ ಸೆನ್ಸರ್ ಅಳೆದದ್ದು ಸಮಯ. ಅದರಿಂದ ನಾವು ದೂರ ಮಾಡಿಕೊಂಡೆವು. ಆ ದೂರವನ್ನು ಟ್ಯಾಂಕಿನ ಎತ್ತರದಿಂದ ಕಳೆದು ನೀರಿನ ಮಟ್ಟ ಮಾಡಿಕೊಂಡೆವು. ನಮ್ಮ ಟ್ಯಾಂಕಿನ ವ್ಯಾಸ 110 ಸೆಂ.ಮೀ., ಹಾಗಾಗಿ ಒಂದು ಸೆಂ.ಮೀ. ನೀರು ಎಂದರೆ ಸುಮಾರು 9.5 ಲೀಟರ್. ಹೀಗೆ ಸಮಯದಿಂದ ಲೀಟರ್‌ಗೆ ಬರುವಷ್ಟರಲ್ಲಿ ಮೂರು ಸಲ ಊಹೆ ಮಾಡಿದ್ದೇವೆ. ಪ್ರತಿ ಊಹೆಯಲ್ಲೂ ಕಾಲು ಜಾರಬಹುದು. ನನ್ನದು ಜಾರಿತು.

ಉದಾಹರಣೆಗೆ, 343 ಎನ್ನುವುದು 20 ಡಿಗ್ರಿಯ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಕಪ್ಪು ಟ್ಯಾಂಕಿನ ಮುಚ್ಚಳದ ಕೆಳಗಿನ ಗಾಳಿ 20 ಡಿಗ್ರಿ ಇರುತ್ತದಾ? 40 ದಾಟಿರುತ್ತದೆ. 40 ಡಿಗ್ರಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 355 ಮೀಟರ್ ಓಡುತ್ತದೆ. ಬೇಗ ಹೋಗಿ ಬೇಗ ಬರುತ್ತದೆ. ಒಂದು ಮೀಟರ್ ದೂರವನ್ನು ನನ್ನ ಬೋರ್ಡ್ 97 ಸೆಂ.ಮೀ. ಎಂದು ಓದುತ್ತಿತ್ತು. ಅಂದರೆ ಬಿಸಿಲೇರಿದಂತೆ ಟ್ಯಾಂಕಿನಲ್ಲಿ 30 ಲೀಟರ್ ನೀರು ತಾನಾಗಿ ಹುಟ್ಟುತ್ತಿತ್ತು! ಸಂಜೆಗೆ ಮಾಯ. ಮೊದಲು ಎಲ್ಲೋ ಸೋರುತ್ತಿದೆ ಅಂತ ಪ್ಲಂಬರ್‌ನ ಕರೆಸಿದ್ದೆ. ಆಮೇಲೆ ಡಿಎಸ್18ಬಿ20 ಎಂಬ ಚಿಕ್ಕ ತಾಪಮಾನದ ಸೆನ್ಸರನ್ನು ಪಕ್ಕದಲ್ಲೇ ಕಟ್ಟಿ, ಡಿಗ್ರಿಗೆ ಸುಮಾರು 0.6 ಮೀಟರ್‌ನಂತೆ ಶಬ್ದದ ವೇಗ ತಿದ್ದಿದೆ. ಮಾಯದ ನೀರು ನಿಂತಿತು.

ಆ ತಾಪಮಾನದ ಸೆನ್ಸರಿಗೂ ಒಂದು ತಂಟೆ ಇದೆ, ಹೇಳಿಬಿಡುತ್ತೇನೆ. ಕರೆಂಟ್ ಬಂದ ಕೂಡಲೇ ಅದರ ಮೆಮೊರಿಯಲ್ಲಿ ಇರುವ ಅಂಕಿ 85 ಡಿಗ್ರಿ. ನಿಜವಾದ ಅಳತೆ ಮುಗಿಯಲು ಮುಕ್ಕಾಲು ಸೆಕೆಂಡ್ ಬೇಕು. ಕಾಯದೆ ಓದಿದರೆ 85 ಅನ್ನುತ್ತದೆ. ನಿಮಗೆ ಎಲ್ಲಾದರೂ ಸರಿಯಾಗಿ 85 ಕಂಡರೆ ಬೆಂಕಿ ಬಿದ್ದಿದೆ ಅಂತ ಓಡಬೇಡಿ. ವೈರ್ ಸಡಿಲ ಆಗಿದೆಯಾ, ಅವಸರ ಮಾಡಿದಿರಾ ನೋಡಿ.

ಮುಂದಿನ ಪೆಟ್ಟು ತೇವದ್ದು. ಎಚ್‌ಸಿ-ಎಸ್‌ಆರ್04 ತೆರೆದ ಸೆನ್ಸರ್. ಟ್ಯಾಂಕಿನೊಳಗಿನ ಹಬೆಗೆ ಎರಡು ತಿಂಗಳೂ ತಡೆಯಲಿಲ್ಲ, ಕಾಲುಗಳಿಗೆ ಹಸಿರು ಪಾಚಿಯಂಥದ್ದು ಕೂತಿತು. ಬದಲಿಗೆ ಜೆಎಸ್‌ಎನ್-ಎಸ್‌ಆರ್04ಟಿ ತಂದೆ. ಕಾರಿನ ಹಿಂದಿನ ಬಂಪರ್‌ನಲ್ಲಿ ಪಾರ್ಕಿಂಗ್‌ಗೆಂದು ಇರುತ್ತವಲ್ಲ, ಆ ಜಾತಿ. ನೀರಿಗೆ ಹೆದರುವುದಿಲ್ಲ. ಆದರೆ ಅದಕ್ಕೆ ಬಾಯಿ, ಕಿವಿ ಎರಡೂ ಒಂದೇ. ಕೂಗಿದ ನಡುಕ ನಿಲ್ಲುವ ತನಕ ಕೇಳಿಸಿಕೊಳ್ಳಲಾರದು. ಹಾಗಾಗಿ 20-25 ಸೆಂ.ಮೀ.ಗಿಂತ ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲ. ಟ್ಯಾಂಕ್ ತುಂಬುವ ಹೊತ್ತಿಗೆ ನೀರು ಸೆನ್ಸರಿನ ಹತ್ತಿರ ಬರುತ್ತದೆ. ಅಂದರೆ ಬೇಕೇಬೇಕು ಅನ್ನುವ ಗಳಿಗೆಯಲ್ಲೇ ಅದು ಕುರುಡು. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ಎಷ್ಟೋ ಜನರ ಟ್ಯಾಂಕ್ ಉಕ್ಕುತ್ತಿರಲಿಲ್ಲ. ನಾನು ಕೊನೆಗೆ ನೀರು ಸೆನ್ಸರಿಗಿಂತ 30 ಸೆಂ.ಮೀ. ಕೆಳಗಿರುವಾಗಲೇ ಮೋಟರ್ ನಿಲ್ಲಿಸುವ ಹಾಗೆ ಮಾಡಿದೆ. ಒಂದಷ್ಟು ಲೀಟರ್ ಜಾಗ ಖಾಲಿ ಉಳಿಯುತ್ತದೆ. ಉಳಿಯಲಿ ಬಿಡಿ.

ಶಬ್ದ ನೇರ ಗೆರೆಯಲ್ಲಿ ಹೋಗುವುದಿಲ್ಲ ಎನ್ನುವುದೂ ನೆನಪಿರಲಿ. ಟಾರ್ಚ್ ಬೆಳಕಿನ ಹಾಗೆ ಹೋದಂತೆ ಹೋದಂತೆ ಅಗಲವಾಗುತ್ತದೆ. ಗೋಡೆಗೋ, ಮೇಲಿಂದ ಬೀಳುವ ನೀರಿನ ಧಾರೆಗೋ ತಾಗಿದರೆ ಅಲ್ಲಿಂದಲೇ ವಾಪಸ್. ಮೊದಲಿನ ಸೆನ್ಸರ್ ಇದ್ದ ದಿನಗಳಲ್ಲಿ, ಮೋಟರ್ ಓಡುವಾಗ ನನಗೆ ಬರುತ್ತಿದ್ದ ಅಂಕಿಗಳು ಹೀಗಿದ್ದವು: 62, 61, 62, 18, 62. ಆ 18 ಎನ್ನುವುದು ನೀರಿನ ಧಾರೆಯ ಕಿತಾಪತಿ. ಸರಾಸರಿ ತೆಗೆದರೆ 53 ಬರುತ್ತದೆ, ಅದು ಎಲ್ಲೂ ಇಲ್ಲದ ಮಟ್ಟ. ಅದೇ ಐದನ್ನೂ ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ಆರಿಸಿದರೆ 62. ಹೈಸ್ಕೂಲಿನಲ್ಲಿ ಮಧ್ಯಾಂಕ ಅಂತ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು. ಒಬ್ಬ ಸುಳ್ಳುಗಾರ ಎಷ್ಟು ದೊಡ್ಡ ಸುಳ್ಳು ಹೇಳಿದರೂ ಮಧ್ಯಾಂಕ ಅಲುಗುವುದಿಲ್ಲ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಕನಿಷ್ಠ 60 ಮಿಲಿಸೆಕೆಂಡ್ ಬಿಡಿ. ಇಲ್ಲದಿದ್ದರೆ ಹಳೆಯ ಕೂಗಿನ ಪ್ರತಿಧ್ವನಿಯೇ ಹೊಸದರ ಲೆಕ್ಕಕ್ಕೆ ಬರುತ್ತದೆ.

ಬೇರೆ ಸೆನ್ಸರ್‌ಗಳ ಕಥೆಯೂ ಇದೇ. ಮನುಷ್ಯರನ್ನು ಕಂಡು ದೀಪ ಹಚ್ಚುವ ಪಿಐಆರ್ ಸೆನ್ಸರ್ ಮನುಷ್ಯರನ್ನು ನೋಡುವುದೇ ಇಲ್ಲ. ಮೈಯಿಂದ ಹೊರಡುವ ಶಾಖದ ಕಿರಣ ಜಾಗ ಬದಲಿಸಿದರೆ ಅದಕ್ಕೆ ಗೊತ್ತಾಗುತ್ತದೆ. ಅದಕ್ಕೇ ಆಫೀಸಿನ ಟಾಯ್ಲೆಟ್‌ನಲ್ಲಿ ಸುಮ್ನೆ ಕೂತರೆ ಲೈಟ್ ಆರಿಹೋಗುವುದು. ಹೂಕುಂಡದ ಮಣ್ಣಿಗೆ ಚುಚ್ಚುವ ಸೆನ್ಸರ್‌ನಲ್ಲಿ ಎರಡು ಬಗೆ. ಎರಡು ಲೋಹದ ಹಲ್ಲಿನ ಅಗ್ಗದ ಸೆನ್ಸರ್ ಮಣ್ಣಿನಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ನೋಡುತ್ತದೆ. ಒದ್ದೆ ಮಣ್ಣಿನಲ್ಲಿ ಸದಾ ಕರೆಂಟ್ ಹರಿದರೆ ಆ ಹಲ್ಲು ಕರಗಿ ಸವೆಯುತ್ತದೆ. ಗೊಬ್ಬರ ಹಾಕಿದರೂ ಸಾಕು, ಉಪ್ಪಿನಂಶದಿಂದ ಕರೆಂಟ್ ಜಾಸ್ತಿ ಹರಿದು 'ನೀರು ಬೇಕಾದಷ್ಟಿದೆ' ಅನ್ನುತ್ತದೆ. ಕಪ್ಯಾಸಿಟಿವ್ ಸೆನ್ಸರ್ ಸ್ವಲ್ಪ ದುಬಾರಿ, ಆದರೆ ಲೋಹ ಮಣ್ಣಿಗೆ ತಾಗುವುದಿಲ್ಲ. ವಿದ್ಯುತ್ ಕ್ಷೇತ್ರದಲ್ಲಿ ಚಾರ್ಜ್ ಹಿಡಿದಿಡಲು ನೆರವಾಗುವ ಗುಣ ಗಾಳಿಗಿಂತ ನೀರಿಗೆ ಸುಮಾರು 80 ಪಟ್ಟು, ಒಣ ಮಣ್ಣಿಗೆ ಬರೀ ನಾಲ್ಕೈದು ಪಟ್ಟು. ಆ ವ್ಯತ್ಯಾಸವನ್ನು ಅದು ಹಿಡಿಯುತ್ತದೆ. ಗಿಡಕ್ಕೆ ಇದನ್ನೇ ತನ್ನಿ ಅಂತ ನನ್ನ ಸಲಹೆ.

3.3 ವೋಲ್ಟ್‌ನ ಜಗತ್ತು

ಈ ಊನೊದಲ್ಲಿ ವೈಫೈ ಇಲ್ಲ. ಟ್ಯಾಂಕ್ ಟೆರೇಸಿನಲ್ಲಿ, ಮೋಟರ್ ಕೆಳಗೆ. ಮೂರು ಮಹಡಿ ವೈರ್ ಎಳೆಯುವ ಬದಲು ನಾನು ಇಎಸ್‌ಪಿ32 ಬೋರ್ಡ್‌ಗೆ ಬಂದೆ, ಮೇಲೊಂದು, ಕೆಳಗೊಂದು. ಶಾಂಘೈನ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ತಂದ ಚಿಪ್ ಇದು. ಗಡಿಯಾರ ಊನೊಗಿಂತ 15 ಪಟ್ಟು ವೇಗ, ಮೆಮೊರಿ 520 ಕಿಲೋಬೈಟ್, ವೈಫೈ ಒಳಗೇ ಇದೆ. ಮನೆಯ ರೂಟರ್ ಇಲ್ಲದೆಯೂ ಇಂಥ ಎರಡು ಬೋರ್ಡ್‌ಗಳು ಇಎಸ್‌ಪಿ-ನೌ ಎಂಬ ರೀತಿಯಲ್ಲಿ ನೇರವಾಗಿ ಚಿಕ್ಕ ಚಿಕ್ಕ ಸಂದೇಶ ಕಳಿಸಿಕೊಳ್ಳಬಹುದು. ಕರೆಂಟ್ ಹೋಗಿ ಬಂದಾಗ ರೂಟರ್ ಎದ್ದೇಳಲು ಎರಡು ನಿಮಿಷ ತೆಗೆದುಕೊಳ್ಳುವ ಮನೆಗಳಲ್ಲಿ ಇದು ವರವೇ.

ಒಂದು ಎಚ್ಚರಿಕೆ. ಇಎಸ್‌ಪಿ32 ಪಿನ್‌ಗಳು 3.3 ವೋಲ್ಟ್‌ನವು. ನಮ್ಮ ಸೆನ್ಸರಿನ ಎಕೊ ಪಿನ್ ಕೊಡುವುದು 5 ವೋಲ್ಟ್. ನೇರ ಕೊಟ್ಟರೆ ಕೆಲವು ದಿನ ನಡೆಯಬಹುದು, ಆಮೇಲೆ ಆ ಪಿನ್ ಸಾಯುತ್ತದೆ. ಕರೆಂಟ್ ಹರಿವಿಗೆ ಅಡ್ಡಿಯೊಡ್ಡುವ ಪುಟ್ಟ ಬಿಡಿಭಾಗ ರೆಸಿಸ್ಟರ್, ಅಂಥವು ಎರಡು ಸಾಕು. 1 ಕಿಲೋ ಓಮ್ ಮತ್ತು 2 ಕಿಲೋ ಓಮ್‌ನವನ್ನು ಸಾಲಾಗಿ ಹಾಕಿ. 1ರ ಕಡೆಗೆ ಎಕೊ, 2ರ ಕಡೆಗೆ ಗ್ರೌಂಡ್, ನಡುವಿನಿಂದ ಬೋರ್ಡ್‌ಗೆ ವೈರ್. ಮೂರರಲ್ಲಿ ಎರಡು ಪಾಲು ವೋಲ್ಟೇಜ್ ಬರುತ್ತದೆ, ಸುಮಾರು 3.3. ಇದಕ್ಕೆ ವೋಲ್ಟೇಜ್ ಡಿವೈಡರ್ ಎನ್ನುತ್ತಾರೆ. ಈ ಹವ್ಯಾಸದಲ್ಲಿ ಬಾಯಿಪಾಠ ಮಾಡಬೇಕಾದ ಸರ್ಕ್ಯೂಟ್ ಯಾವುದಾದರೂ ಇದ್ದರೆ ಇದೇ. ಜೊತೆಗೆ ಸೆನ್ಸರಿನ ಗ್ರೌಂಡ್ ಮತ್ತು ಬೋರ್ಡಿನ ಗ್ರೌಂಡ್ ಸೇರಿರಲೇಬೇಕು. ಇಬ್ಬರೂ ಒಂದೇ ನೆಲದ ಮೇಲೆ ನಿಂತರೆ ತಾನೇ ಎತ್ತರ ಹೋಲಿಸಲು ಆಗುವುದು?

ಹೊಸಬರನ್ನು ಗೋಳಾಡಿಸುವುದು ಮಾತ್ರ ಇಂಥ ದೊಡ್ಡ ವಿಷಯಗಳಲ್ಲ. ಯುಎಸ್‌ಬಿ ಕೇಬಲ್. ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್‌ನ ಎರಡು ವೈರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಬೋರ್ಡ್‌ನ ದೀಪ ಉರಿಯುತ್ತದೆ, ಕಂಪ್ಯೂಟರ್‌ಗೆ ಮಾತ್ರ ಬೋರ್ಡ್ ಕಾಣುವುದಿಲ್ಲ. ನಾನು ಇಡೀ ಒಂದು ಶನಿವಾರ ಕಂಪ್ಯೂಟರಿನಲ್ಲಿ ಡ್ರೈವರ್ ಸಾಫ್ಟ್‌ವೇರ್ ಹಾಕಿ ತೆಗೆದು ಕಳೆದಿದ್ದೇನೆ. ಮಗಳು ಬಂದು ಬೇರೆ ಕೇಬಲ್ ಚುಚ್ಚಿದಳು, ಸರಿಹೋಯಿತು. ಇನ್ನೊಂದು, ಹಳೆಯ ಫೋನಿನ ಸೊರಗಿದ ಚಾರ್ಜರ್. ವೈಫೈ ಶುರುವಾಗುವ ಗಳಿಗೆಯಲ್ಲಿ ಇಎಸ್‌ಪಿ32 ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಚಾರ್ಜರ್‌ಗೆ ಅದು ತಾಳದೆ ವೋಲ್ಟೇಜ್ ಕುಸಿದರೆ ಬೋರ್ಡ್ ಮತ್ತೆ ಮೊದಲಿಂದ ಶುರು. ಮತ್ತೆ ವೈಫೈ, ಮತ್ತೆ ಕುಸಿತ. ಪ್ರೋಗ್ರಾಂನಲ್ಲಿ ತಪ್ಪು ಹುಡುಕುವ ಮುಂಚೆ ಚಾರ್ಜರ್ ಬದಲಿಸಿ ನೋಡಿ.

ಮೋಟರ್ ಹತ್ತಿರ ಹುಷಾರು

ಇಲ್ಲಿಯವರೆಗೆ ಎಲ್ಲ 5 ವೋಲ್ಟ್‌ನ ಆಟ. ತಪ್ಪಾದರೆ ಒಂದು ಚಿಪ್ ಹೋಗುತ್ತದೆ. ಮೋಟರ್ 230 ವೋಲ್ಟ್. ಅಲ್ಲಿ ತಪ್ಪಾದರೆ ಜೀವ ಹೋಗುತ್ತದೆ.

ಅಂಗಡಿಯಲ್ಲಿ ನೀಲಿ ಡಬ್ಬಿಯ ರಿಲೇ ಮಾಡ್ಯೂಲ್ ಸಿಗುತ್ತದೆ. ಬೋರ್ಡ್‌ನ ಚಿಕ್ಕ ಸನ್ನೆಗೆ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಒಂದು ಸ್ವಿಚ್ ಎಳೆಯುತ್ತದೆ, 'ಟಕ್' ಅನ್ನುತ್ತದೆ. ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಎಚ್‌ಪಿ ಮೋಟರ್ ಎಂದರೆ 746 ವ್ಯಾಟ್, 10 ಆಂಪಿಯರ್ ಸಾಕಲ್ಲ ಅನ್ನಿಸುತ್ತದೆ ಅಲ್ವಾ? ಮೋಟರ್ ಶುರುವಾಗುವಾಗ ಮಾಮೂಲಿಯ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕಿಡಿಗೆ ರಿಲೇಯ ಒಳಗಿನ ಎರಡು ಲೋಹದ ಬಿಂದು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಮೇಲೆ ಬೋರ್ಡ್ ಎಷ್ಟು 'ಆಫ್' ಅಂದರೂ ಮೋಟರ್ ನಿಲ್ಲುವುದಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ರಿಲೇ ನೋಡಿ ನಕ್ಕುಬಿಟ್ಟ. "ಸಾರ್, ಇದು ಬಲ್ಬಿಗೆ ಆಗುತ್ತೆ. ಮೋಟರ್‌ಗೆ ಕಾಂಟ್ಯಾಕ್ಟರ್ ಹಾಕೋಣ" ಅಂದ. ಕಾಂಟ್ಯಾಕ್ಟರ್ ಎಂದರೆ ಜಾಸ್ತಿ ಕರೆಂಟಿಗೆಂದೇ ಮಾಡಿದ ಗಟ್ಟಿ ರಿಲೇ. ಈಗ ಚಿಕ್ಕ ರಿಲೇ ದೊಡ್ಡ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಕರೆಂಟ್ ಕೊಡುತ್ತದೆ, ಕಾಂಟ್ಯಾಕ್ಟರ್ ಮೋಟರ್‌ಗೆ ಕೊಡುತ್ತದೆ. ಹಳೆಯ ಸ್ವಿಚ್ ಕೂಡ ಹಾಗೇ ಇದೆ. ಈ ಭಾಗದ ಒಂದು ಸ್ಕ್ರೂವನ್ನೂ ನಾನು ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ಮೋಟರ್ ಆನ್ ಮಾಡುವ ಮಟ್ಟ, ಆಫ್ ಮಾಡುವ ಮಟ್ಟ ಬೇರೆ ಬೇರೆ ಇರಬೇಕು. ನನ್ನದರಲ್ಲಿ ನೀರು ಸೆನ್ಸರಿನಿಂದ 80 ಸೆಂ.ಮೀ. ಕೆಳಗಿಳಿದರೆ ಆನ್, 30ಕ್ಕೆ ಬಂದರೆ ಆಫ್. ಎರಡಕ್ಕೂ ಒಂದೇ ಗೆರೆ ಎಳೆದರೆ ನೀರಿನ ಮೇಲಿನ ಅಲೆಗೇ ಮೋಟರ್ ಟಕ್ ಟಕ್ ಅಂತ ಆನ್ ಆಫ್ ಆಗುತ್ತಿರುತ್ತದೆ. ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಸ್ವಲ್ಪ ಹೊತ್ತು ಉರಿದು, ಸ್ವಲ್ಪ ಹೊತ್ತು ಆರಿರುವುದೂ ಇದೇ ಉಪಾಯದಿಂದ.

ಇಷ್ಟೆಲ್ಲ ಆದ ಮೇಲೂ ಒಂದು ಬೆಳಿಗ್ಗೆ ಎದುರು ಮನೆಯ ಕೂಗು ಕೇಳಿತು. ಮೇಲಿನ ಬೋರ್ಡ್ ಯಾಕೋ ನಿಂತುಹೋಗಿತ್ತು. ಕೆಳಗಿನದು ಕೊನೆಗೆ ಬಂದ '70 ಸೆಂ.ಮೀ.' ಎಂಬ ಸುದ್ದಿಯನ್ನೇ ನಂಬಿಕೊಂಡು ಮೋಟರ್ ಓಡಿಸುತ್ತಿತ್ತು. ಹಳೆಯ ಅಂಕಿಗೂ ಹೊಸ ಅಂಕಿಗೂ ನೋಡಲು ಏನೂ ವ್ಯತ್ಯಾಸ ಇರುವುದಿಲ್ಲ, ತೊಂದರೆ ಅದೇ. ಈಗ ನಿಯಮ ಹೀಗಿದೆ: ಮೇಲಿನ ಬೋರ್ಡಿನಿಂದ 30 ಸೆಕೆಂಡ್ ಸುದ್ದಿ ಬರದಿದ್ದರೆ ಮೋಟರ್ ಆಫ್. ಸುದ್ದಿ ಬಂದರೂ ಬರದಿದ್ದರೂ ಒಂದೇ ಸಲಕ್ಕೆ 18 ನಿಮಿಷಕ್ಕಿಂತ ಜಾಸ್ತಿ ಓಡುವಂತಿಲ್ಲ, ಯಾಕೆಂದರೆ 80ರಿಂದ 30ಕ್ಕೆ ಏರಲು ನಮ್ಮ ಮೋಟರ್‌ಗೆ 12 ನಿಮಿಷ ಸಾಕು.

ಆ ಲೆಕ್ಕ ಹಾಕುವಾಗಲೇ ಇನ್ನೊಂದು ಹೊಳೆಯಿತು. 12 ನಿಮಿಷಕ್ಕೆ 50 ಸೆಂ.ಮೀ. ಎಂದರೆ 3 ನಿಮಿಷಕ್ಕೆ ಸುಮಾರು 12 ಸೆಂ.ಮೀ. ಏರಬೇಕು. ಮೋಟರ್ ಓಡುತ್ತಿದ್ದೂ 3 ನಿಮಿಷದಲ್ಲಿ 4 ಸೆಂ.ಮೀ. ಕೂಡ ಏರದಿದ್ದರೆ? ಸಂಪಿನಲ್ಲಿ ನೀರಿಲ್ಲ, ಮೋಟರ್ ಗಾಳಿ ಎಳೆಯುತ್ತಿದೆ. ಹಾಗೇ ಓಡಿದರೆ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಪ್ರೋಗ್ರಾಂನಲ್ಲಿ ನಾಲ್ಕು ಸಾಲು ಸೇರಿಸಿದೆ. ಈಗ ಕಾರ್ಪೊರೇಷನ್ ನೀರು ಬರದ ದಿನ ಮೋಟರ್ ತಾನೇ ನಿಲ್ಲುತ್ತದೆ, ಅಡುಗೆಮನೆಯ ಗೋಡೆಯ ಮೇಲಿನ ಪುಟ್ಟ ಪರದೆಯಲ್ಲಿ 'ಸಂಪ್ ಖಾಲಿ' ಎಂದು ಬರುತ್ತದೆ. ಸಂಪಿಗೆ ಸೆನ್ಸರ್ ಇನ್ನೂ ಹಾಕಿಲ್ಲ.